ಲೆಕ್ಕಕ್ಕಿಲ್ಲದ ಚೊಚ್ಚಲು

ಹೈದರಾಬಾದಿನಲ್ಲಿ ನೆಲೆಸಿದ ರಾಯಚೂರು, ಕಲಬುರಗಿ, ಬೀದರ ಕಡೆಯ ಮನೆಗಳಲ್ಲಿ ಮಗಳೋ ಸೊಸೆಯೋ ಬಸುರಾದಳೆಂದರೆ ಮೊದಲ ಫೋನು ಅಯ್ಯನವರಿಗೆ ಹೋಗುವುದಿಲ್ಲ, ಹಿಮಾಯತ್‌ನಗರದ ಪಾರ್ವತಿಬಾಯಿಗೆ ಹೋಗುತ್ತದೆ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಕುಬಸದ ಖಣ, ಬಗೆಬಗೆಯ ಬುತ್ತಿ ತಂದು ಉಡಿ ತುಂಬುವ ಶಾಸ್ತ್ರಕ್ಕೆ ಆ ಕಡೆ ಕುಬಸ ಎನ್ನುತ್ತಾರೆ. ಅದು ಯಾವ ತಿಂಗಳಲ್ಲಿ ಆಗಬೇಕು, ಖಣ ಯಾರ ಕೈಯಿಂದ ಕೊಡಿಸಬೇಕು, ಉಡಿಗೆ ಅಕ್ಕಿ ಮೊದಲೋ ಕೊಬ್ಬರಿ ಬಟ್ಟಲು ಮೊದಲೋ, ಎಲ್ಲವೂ ಪಾರ್ವತಿಬಾಯಿಯ ನಾಲಿಗೆಯ ತುದಿಯಲ್ಲಿದೆ. ಬಂದ ಮೇಲೆ ಯಜಮಾನಿಕೆಯೂ ಅವಳದೇ. ಬೀಗರ ಮನೆಯ ದೊಡ್ಡ ಹೆಂಗಸರನ್ನು ಸೋಫಾದಿಂದ ಎಬ್ಬಿಸಿ ಚಾಪೆಗೆ ಕೂಡಿಸುವ ಧೈರ್ಯ ಇನ್ನಾರಿಗಿದ್ದೀತು?

ಎರಡು ಮಾತಿನಲ್ಲಿ ಮಾತ್ರ ಅವಳು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಒಂದು, ಕುಬಸ ಚೊಚ್ಚಲಿಗೆ ಮಾತ್ರ. ಇನ್ನೊಂದು, ಆರತಿ ಎತ್ತುವವಳು ಮಕ್ಕಳನ್ನು ಕಳೆದುಕೊಂಡವಳಾಗಿರಬಾರದು. ಈ ಎರಡನೆಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಗಟ್ಟಿಯಾಗುತ್ತಿತ್ತು. ಹೊಸಬರು ಯಾರಾದರೂ, “ನಿಮಗೆಷ್ಟು ಮಕ್ಕಳ್ರೀ?” ಎಂದು ಕೇಳಿದರೆ, “ಒಬ್ಬಾಕಿನೇ ರೀ, ರಶ್ಮಿ ಅಂತ” ಎಂದು ಹೇಳಿ ತಟ್ಟೆಯನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು. ಕೇಳಿದವರು ಯಾರೂ ಎರಡನೆಯ ಪ್ರಶ್ನೆ ಹಾಕಲಿಲ್ಲ.

ಹಾಕಿದ್ದರೆ ಅವಳು ಲಿಂಗಸುಗೂರಿನ ಮಾತು ಎತ್ತಬೇಕಾಗುತ್ತಿತ್ತು. ಅಲ್ಲಿ ಅವಳು ಸೊಸೆಯಾಗಿ ಕಾಲಿಟ್ಟ ವರ್ಷವೇ ಬಸುರಾಗಿದ್ದಳು. ನಾಲ್ಕು ತಿಂಗಳಿರುವಾಗ ನೀರಿನ ಕೊಡ ಹೊತ್ತು ಮೆಟ್ಟಿಲ ಮೇಲೆ ಜಾರಿ ಬಿದ್ದಳು, ಬಸಿರು ಹೋಯಿತು. “ಹೋಗಿದ್ದು ಹೋತು. ಅದೇನು ಲೆಕ್ಕಕ್ಕಿಲ್ಲ” ಎಂದು ಅತ್ತೆ ಅಂದೇ ಒರೆಸಿ ಹಾಕಿದಳು. ಆಮೇಲೆ ಹುಟ್ಟಿದ ಇಬ್ಬರು ಗಂಡುಮಕ್ಕಳೂ ಹುಟ್ಟುತ್ತಲೇ ಅರಿಶಿಣದಲ್ಲಿ ಅದ್ದಿ ತೆಗೆದ ಹಾಗಿದ್ದರು. ಮೊದಲನೆಯವನು ಎರಡನೆಯ ದಿನ ಕಣ್ಣು ಮುಚ್ಚಿದ. ಮುಂದಿನವನಿಗೆ ಕಾಮಣಿ, ಅಂದರೆ ಕಾಮಾಲೆ ಎಂದು ಯಾರೋ ಹೊಟ್ಟೆಯ ಮೇಲೆ ಕಾದ ಬಳೆಚೂರಿನಿಂದ ಸುಟ್ಟರು. ಅವನು ಅಳುವಷ್ಟು ತ್ರಾಣವೂ ಇಲ್ಲದೆ ಹೋದ. ಓಣಿಯ ಹೆಂಗಸರು, “ಆಕಿ ಹೊಟ್ಟೀನ ಕೂಸು ತಿಂತೈತಿ” ಎಂದು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಅವಳೂ ಹಾಗೇ ನಂಬಿದಳು. ನಂಬದೆ ಏನು ಮಾಡಿಯಾಳು, ಹೊಟ್ಟೆ ಅವಳದೇ ಅಲ್ಲವೇ.

ನಾಲ್ಕನೆಯದು ರಶ್ಮಿ. ಹುಟ್ಟಿದ ಕೂಡಲೇ ಕೂಸನ್ನು ಮೊರದಲ್ಲಿಟ್ಟು ಊರ ತಿಪ್ಪೆಯ ಮೇಲೆ ಒಮ್ಮೆ ಉರುಳಿಸಿ, ತಿಪ್ಪವ್ವ ಎಂದು ಹೆಸರಿಟ್ಟು ಎತ್ತಿಕೊಂಡು ಬಂದರು. ಕಸವೆಂದು ಬಿಸಾಕಿದ್ದನ್ನು ಸಾವೂ ಮುಟ್ಟುವುದಿಲ್ಲವಂತೆ. ಕೂಸು ಹಳದಿಯಾಗಲಿಲ್ಲ, ಗಟ್ಟಿಯಾಗಿ ಕೂಗಿ ಹಾಲು ಕುಡಿಯಿತು. ಅವಳು ಅಂಬೆಗಾಲಿಡುವ ಹೊತ್ತಿಗೆ ಗಂಡ ಅಮರೇಶಪ್ಪ ಹೈದರಾಬಾದಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ಪಾರ್ವತಿಬಾಯಿ ಟ್ರಂಕು, ರೊಟ್ಟಿ ಕಲ್ಲು, ಮಗಳು ಇಷ್ಟನ್ನು ತಂದಳು. ಉಳಿದದ್ದನ್ನು ಅಲ್ಲೇ ಬಿಟ್ಟಳು. ಬೇಗಂಪೇಟೆಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ರಶ್ಮಿ ಮನೆಯಲ್ಲಿ ಇಂದಿಗೂ ತಿಪ್ಪವ್ವನೇ.

ರಶ್ಮಿಗೆ ಗಂಡು ನೋಡುವಾಗ ಪಾರ್ವತಿಬಾಯಿ ಹೆದರಿದ್ದು ಒಂದೇ ಗಾದೆಗೆ: ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಬೀಗತಿ ಗುರುಬಾಯಿ ಬೇರೆ ಬಾಯಿ ಜೋರಿನ ಹೆಂಗಸು. ಬಾಲಾನಗರದಲ್ಲಿ ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಮಗ ಕಲ್ಲೇಶನನ್ನು ಓದಿಸಿ ಕಾರ್ಖಾನೆಯ ಮಷೀನಿಗೆ ಹಚ್ಚಿದವಳು. ಅಂಥವಳ ಕಿವಿಗೆ ಲಿಂಗಸುಗೂರಿನ ಗಾಳಿ ಬೀಳಬಾರದೆಂದು ಪಾರ್ವತಿಬಾಯಿ ಮದುವೆಗೆ ಊರಿನವರನ್ನೇ ಕರೆಯಲಿಲ್ಲ.

ಆದರೆ ಮದುವೆಯ ಎರಡನೆಯ ವರ್ಷ ಪಂಚಮಿಗೆ ತವರಿಗೆ ಬಂದಿದ್ದ ರಶ್ಮಿಗೆ ಮೂರು ತಿಂಗಳು ತುಂಬಿತ್ತು. ಗಂಡನಿಗೆ ಬಿಟ್ಟರೆ ಇನ್ನಾರಿಗೂ ಹೇಳಿರಲಿಲ್ಲ. ಪಾರ್ವತಿಬಾಯಿ ಸಂತೋಷ ತಡೆಯಲಾರದೆ, ತವರಿನವರು ಸದ್ದಿಲ್ಲದೆ ಮಾಡುವ ಕಳ್ಳ ಕುಬಸವನ್ನು ಮಾಡಿ ಖಣ ತೊಡಿಸಿದಳು. ವಾರ ಕಳೆಯುವಷ್ಟರಲ್ಲಿ ಹೊಟ್ಟೆನೋವು ಬಂತು, ಬಚ್ಚಲಲ್ಲೇ ಎಲ್ಲ ಮುಗಿಯಿತು. ರಶ್ಮಿ ಆಸ್ಪತ್ರೆಗೆ ಹೋಗೋಣವೆಂದು ಅತ್ತಳು. ಪಾರ್ವತಿಬಾಯಿ ಕಷಾಯ ಕಾಸಿದಳು, ಬೆನ್ನು ನೀವಿದಳು, ಮಗಳ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿದಳು.

“ಯಾರ ಮುಂದೂ ಬಾಯಿ ಬಿಡಬ್ಯಾಡ ತಿಪ್ಪವ್ವ. ಅತ್ತಿಗೂ ಬ್ಯಾಡ, ಡಾಕ್ಟರಿಗೂ ಬ್ಯಾಡ. ಕಲ್ಲೇಶಗೂ ಹೇಳು, ಬಾಯಿ ಮುಚ್ಚಿಕೊಂಡಿರ್ಲಿ. ಹೋಗಿದ್ದು ಲೆಕ್ಕಕ್ಕಿಲ್ಲ. ಮುಂದ ಬರೋದ ನಿನ್ನ ಚೊಚ್ಚಲು.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತನ್ನ ಅತ್ತೆಯ ದನಿ ಕೇಳಿದ ಹಾಗಾಯಿತು. ಅದನ್ನು ಅಷ್ಟಕ್ಕೇ ಬಿಟ್ಟಳು.

ಆ ಚೊಚ್ಚಲು ಈಗ ಬಂದಿತ್ತು. ರಶ್ಮಿ ಏಳರಲ್ಲಿದ್ದಳು. ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಎಂದು ತಾಯಿಯ ಮನೆಯಲ್ಲೇ ಉಳಿದಿದ್ದಳು. ಅಲ್ಲಿಯ ಡಾಕ್ಟರ್ ಶುಭಾ ಬೀದರಿನವಳು, ಕನ್ನಡ ಬರುತ್ತದೆ, ಅದಕ್ಕೇ ಪಾರ್ವತಿಬಾಯಿ ಅವಳನ್ನು ಆರಿಸಿದ್ದು. ಮೊದಲ ಸಲ ಹೋದಾಗ ರಶ್ಮಿಯ ರಕ್ತ ನೆಗೆಟಿವ್, ಕಲ್ಲೇಶನದು ಪಾಸಿಟಿವ್ ಎಂದು ತಿಳಿದು ಡಾಕ್ಟರ್, “ಇದಕ್ಕಿಂತ ಮೊದಲು ಗರ್ಭ ನಿಂತಿತ್ತೇನ್ರಿ?” ಎಂದು ಕೇಳಿದ್ದಳು. ರಶ್ಮಿ ಬಾಯಿ ತೆರೆಯುವುದರೊಳಗೆ, “ಚೊಚ್ಚಲ್ರೀ ಇದು” ಎಂದು ಪಾರ್ವತಿಬಾಯಿ ಉತ್ತರ ಕೊಟ್ಟಾಗಿತ್ತು. ಮೇಜಿನ ಕೆಳಗೆ ಮಗಳ ತೊಡೆಯನ್ನೂ ಚಿವುಟಿದ್ದಳು.

ಬರುವ ಶುಕ್ರವಾರ ಕುಬಸ. ಊರವರ ಕುಬಸವೆಲ್ಲ ಮಾಡಿಸಿದವಳ ಮಗಳ ಕುಬಸ ಎಂದರೆ ಕಡಿಮೆಯಾದೀತೇ? ಶೇಂಗಾ ಹೋಳಿಗೆ, ಕರ್ಚಿಕಾಯಿ ಆಗಲೇ ಡಬ್ಬಿಗಳಲ್ಲಿ ತುಂಬಿದ್ದವು. ಆ ವಾರ ಸೋಮವಾರ ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು, ರಶ್ಮಿಯನ್ನು ಕರೆದುಕೊಂಡು ಬರಬೇಕಂತೆ. ಕುಬಸದ ಮಾತುಕತೆಗೆಂದು ಬಂದಿದ್ದ ಗುರುಬಾಯಿಯೂ ಚಪ್ಪಲಿ ಮೆಟ್ಟಿದಳು.

ನರ್ಸ್ ಪ್ರೇಮಾ ಮತ್ತೆ ರಕ್ತ ತೆಗೆಯಲು ರಶ್ಮಿಯನ್ನು ಒಳಗೆ ಕರೆದೊಯ್ದಳು. ಡಾಕ್ಟರ್ ಎದುರು ಇಬ್ಬರು ಬೀಗತಿಯರು ಉಳಿದರು.

“ನೆಗೆಟಿವ್ ಇದ್ದವರಿಗೆ ಏಳರಲ್ಲಿ ಒಂದು ಇಂಜೆಕ್ಷನ್ ಕೊಡ್ತೀವಿ” ಎಂದಳು ಶುಭಾ. “ಅದಕ್ಕ ಮೊದಲು ಮಾಡಿದ ರಕ್ತ ಪರೀಕ್ಷೆ ಸರಿ ಬಂದಿಲ್ಲ.”

“ಏನಾಗೇತ್ರೀ?” ಗುರುಬಾಯಿ ಕೇಳಿದಳು.

“ನೋಡ್ರಿ, ತಾಯಿ ರಕ್ತ ಬ್ಯಾರೆ, ಕೂಸಿನ ರಕ್ತ ಬ್ಯಾರೆ. ನಡುವ ಮಾಸು ಇರ್ತದ. ಊಟ, ಉಸಿರು ಎಲ್ಲಾ ಅದರ ಮೂಲಕನೇ ಕೂಸಿಗೆ ಹೋಗ್ತದ. ಹೆರೋ ಹೊತ್ತಿನ್ಯಾಗ, ಇಲ್ಲಾ ಗರ್ಭ ಹೋದಾಗ, ಕೂಸಿನ ರಕ್ತದ ನಾಕು ಹನಿ ತಾಯಿ ಮೈಯೊಳಗ ಸೇರ್ತಾವ. ತಾಯಿದು ನೆಗೆಟಿವ್, ಕೂಸಿಂದು ಪಾಸಿಟಿವ್ ಇದ್ದರ, ತಾಯಿ ಮೈ ಅದನ್ನ ಹೊರಗಿಂದು ಅಂತ ತಿಳದು ಕಾವಲು ಹಾಕ್ತದ. ಆ ಕೂಸಿಗೆ ಏನೂ ಆಗಂಗಿಲ್ಲ. ಮುಂದ ಬರೋ ಕೂಸಿನ ರಕ್ತಾನ ಆ ಕಾವಲಿನವರು ಹೊಕ್ಕು ಒಡೀತಾರ. ಹೊಟ್ಟ್ಯಾಗ ಕೂಸು ಬಿಳಚತದ. ಹುಟ್ಟಿದ ಮ್ಯಾಲ ಅರಿಶಿಣ ಹಂಗ ಹಳದಿ ಆಗ್ತದ.”

ಪಾರ್ವತಿಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಎದುರಿನ ಗೋಡೆಯ ಮೇಲೆ ನಗುವ ಕೂಸಿನ ಚಿತ್ರವಿತ್ತು, ಅವಳ ಕಣ್ಣಿಗೆ ಅದೂ ಹಳದಿಯಾಗಿಯೇ ಕಂಡಿತು.

“ಆದ್ರ ನಮ್ಮ ರಶ್ಮಿದು ಚೊಚ್ಚಲಲ್ರೀ?” ಎಂದಳು ಗುರುಬಾಯಿ.

“ಅದಕ್ಕ ನನಗೂ ಅನುಮಾನ ಐತಿ. ಮೊದಲ ಗರ್ಭ, ಯಾವತ್ತೂ ರಕ್ತ ಏರಿಸಿಲ್ಲ. ಹಂಗಿದ್ದರ ಈ ರಿಪೋರ್ಟ್ ತಪ್ಪಿರಬಹುದು. ಇವತ್ತಿನ ರಕ್ತ ಬ್ಯಾರೆ ಕಡೆ ಕಳಸ್ತೀನಿ. ಎರಡು ವಾರ ಬಿಟ್ಟು ಬರ್ರಿ, ನೋಡೋಣ.” ಶುಭಾ ಪೆನ್ನು ಹಿಡಿದುಕೊಂಡೇ ಪಾರ್ವತಿಬಾಯಿಯ ಮುಖ ನೋಡಿದಳು. “ಚೊಚ್ಚಲು ಹೌದಲ್ರೀ ಬಾಯಿ?”

ನಿಜ ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಗುರುಬಾಯಿಯ ಬಳೆ ಸದ್ದಾಯಿತು.

“ಹೌದ್ರೀ” ಎಂದುಬಿಟ್ಟಳು ಪಾರ್ವತಿಬಾಯಿ.

ಹೊರಗೆ ಬರುವಾಗ ಗುರುಬಾಯಿಗೆ ಹಗುರವಾಗಿತ್ತು. “ಈ ರಿಪೋರ್ಟಿನವರು ಹಿಂಗ ನೋಡ್ರಿ, ಜೀವಾ ತಿಂತಾರ. ಶುಕ್ರಾರ ಕುಬಸ ಆಗೇಬಿಡ್ಲಿ” ಎಂದು ದಾರಿಯುದ್ದಕ್ಕೂ ಮಾತಾಡಿದಳು. ಪಾರ್ವತಿಬಾಯಿಗೆ ಒಂದು ಮಾತೂ ಕೇಳಲಿಲ್ಲ. ಅವಳೊಳಗೆ ಬೇರೆಯೇ ಲೆಕ್ಕ ನಡೆದಿತ್ತು. ಮೆಟ್ಟಿಲ ಮೇಲೆ ಹೋದದ್ದು ಒಂದು. ಆಮೇಲೆ ಹಳದಿಯಾದವು ಎರಡು. ಬಚ್ಚಲಲ್ಲಿ ಹೋದದ್ದು ಒಂದು. ಆಮೇಲೆ? ಆಮೇಲಿನದು ಮಗಳ ಹೊಟ್ಟೆಯಲ್ಲಿ ಅವಳ ಪಕ್ಕದಲ್ಲೇ ನಡೆದು ಬರುತ್ತಿತ್ತು.

ರಿಪೋರ್ಟು ತಪ್ಪಿರಲಿ ಎಂದು ಆಸೆಪಟ್ಟಳು. ಎರಡು ವಾರದಲ್ಲಿ ಏನಾದೀತು ಎಂದುಕೊಂಡಳು. ತನ್ನ ಗಂಡುಮಕ್ಕಳಿಗೆ ಎರಡು ವಾರ ಎಲ್ಲಿತ್ತು ಎಂಬುದೂ ಹಿಂದೆಯೇ ನೆನಪಾಯಿತು. ಹೇಳಿದರೆ ಮಗಳ ಮಾನ, ಹೇಳದಿದ್ದರೆ ಕೂಸಿನ ಪ್ರಾಣ. ಇಷ್ಟು ಸರಳ ತಕ್ಕಡಿಯನ್ನು ತೂಗಲೂ ಮನುಷ್ಯರಿಗೆ ಇಷ್ಟು ಹೊತ್ತು ಬೇಕಾಗುತ್ತದೆ ನೋಡಿ.

ಸಂಜೆ ರೊಟ್ಟಿಗೆ ಕೂತಳು. ಅವಳಿಗೂ ಮಗಳಿಗೂ ಒಂದು ಆಟ ರೂಢಿಯಾಗಿತ್ತು. ರಶ್ಮಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಪಾರ್ವತಿಬಾಯಿ ಜೋಳದ ಹಿಟ್ಟು ನಾದಿ ಕಲ್ಲಿನ ಮೇಲೆ ರೊಟ್ಟಿ ಬಡಿಯಲು ಶುರುಮಾಡಿದರೆ ಸಾಕು, ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ಪಟಪಟ ಎಂದರೆ ಒಂದು ಒದೆತ, ನಿಂತರೆ ಸುಮ್ಮನೆ, ಮತ್ತೆ ಬಡಿದರೆ ಮತ್ತೆ. ಹೊಟ್ಟೆಯೊಳಗಿನ ಕೂಸಿಗೆ ಕಿವಿ ಕೇಳುತ್ತದೆ, ಅಜ್ಜಿಯ ಕೈ ಸಪ್ಪಳ ಅದಕ್ಕೆ ಗುರುತಾಗಿದೆ ಎಂದು ಡಾಕ್ಟರ್ ನಕ್ಕಿದ್ದಳು. “ರೊಟ್ಟಿ ಉಣ್ಣಾಕ ಹುಟ್ಟಾಕತ್ತೈತಿ ನನ್ನ ಬಂಗಾರ” ಎಂದು ಪಾರ್ವತಿಬಾಯಿ ಊರಿಗೆಲ್ಲ ಹೇಳಿಕೊಂಡಿದ್ದಳು.

ಇಂದು ಮೊದಲ ರೊಟ್ಟಿ ಬಡಿದಳು. ಬಾಗಿಲ ಕಡೆ ನೋಡಿದಳು. ರಶ್ಮಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಎರಡನೆಯದು ಬಡಿದಳು.

“ಮುಂಜಾನಿಂದ ಭಾಳ ಸುಮ್ಮನೈತವ್ವ” ಎಂದಳು ರಶ್ಮಿ. “ಮಲಗೇತೇನೋ.”

ಪಾರ್ವತಿಬಾಯಿ ಇನ್ನೊಂದು ಉಂಡೆ ತೆಗೆದಳು, ಜೋರಾಗಿ ಬಡಿದಳು. ಮತ್ತೊಂದು. ಕಲ್ಲು ಅಲುಗಾಡುವ ಹಾಗೆ ಬಡಿದಳು. ಹೆಂಚಿನ ಮೇಲಿನದು ಸೀಯುತ್ತಿತ್ತು. ರಶ್ಮಿ ಹೊಟ್ಟೆಯನ್ನು ಒಂದು ಕಡೆಯಿಂದ ಮೆಲ್ಲಗೆ ಒತ್ತಿ ನೋಡಿದಳು, ಇನ್ನೊಂದು ಕಡೆ ಒತ್ತಿದಳು. “ಬಡಿ ಅವ್ವಾ, ಇನ್ನೊಂದು ಬಡಿ” ಎಂದಳು. ಪಾರ್ವತಿಬಾಯಿ ಬಡಿದಳು. ಹಿಟ್ಟು ಮುಗಿಯುತ್ತ ಬಂತು. ಹೊಟ್ಟೆಯೊಳಗಿನಿಂದ ಉತ್ತರ ಬರಲಿಲ್ಲ.

ಹೊರಗಿನ ಕೋಣೆಯಿಂದ ಗುರುಬಾಯಿ ಬಂದಳು. “ನಾಕು ಮಂದಿಗೆ ಎಷ್ಟ್ ರೊಟ್ಟಿ ಮಾಡ್ತೀರಿ ಪಾರ್ವತಿಬಾಯಾರ? ಮದುವಿ ಐತೇನು ಮನಿಯಾಗ?”

ಪಾರ್ವತಿಬಾಯಿ ಎದ್ದು ನಿಂತಳು. ಎರಡೂ ಕೈಗೆ ಹಿಟ್ಟು. ಅದೇ ಕೈಯಿಂದ ಗುರುಬಾಯಿಯ ತೋಳು ಹಿಡಿದಳು.

“ಇದು ಚೊಚ್ಚಲು ಅಲ್ಲರೀ ಬೀಗರ. ಹ್ವಾದ ವರ್ಷ ಪಂಚಮಿಗೆ ಒಂದು ಹೋಗೇತಿ. ಈ ಮನಿಯಾಗ. ನಾನ ಮುಚ್ಚಿಟ್ಟೆ. ನನ್ನವೂ ಎರಡು ಗಂಡು ಹಳದಿ ಆಗಿ ಹೋಗ್ಯಾವ, ಅದನ್ನೂ ಮುಚ್ಚಿಟ್ಟೆ. ಅವಕ್ಕಿಂತ ಮೊದಲೊಂದು ಹೋಗಿತ್ತು. ಈಗ ಬೈಬ್ಯಾಡ್ರಿ, ಆಮ್ಯಾಲ ಬೈರಿ. ಮೊದಲ ಆಸ್ಪತ್ರಿಗೆ ನಡೀರಿ.”

ಹೊರಗೆ ಅಮರೇಶಪ್ಪ ಟಿವಿ ಆರಿಸಿದ. ಗುರುಬಾಯಿ ಬೀಗತಿಯ ಮುಖವನ್ನು, ಸೊಸೆಯ ಹೊಟ್ಟೆಯನ್ನು ನೋಡಿದಳು. ಒಲೆ ಆರಿಸಿದಳು.

“ಅಮರೇಶಪ್ಪಣ್ಣ, ಆಟೋ ಕರೀರಿ” ಎಂದಳು.

ಶುಭಾ ವಿಷಯ ಕೇಳಿ ಬೈಯಲಿಲ್ಲ. ಬೈದಿದ್ದರೆ ಪಾರ್ವತಿಬಾಯಿಗೆ ಸ್ವಲ್ಪ ಹಗುರವಾಗುತ್ತಿತ್ತು. ಹೊಟ್ಟೆಯ ಮೇಲೆ ಯಂತ್ರ ಓಡಿಸಿ, ಕೂಸಿನ ತಲೆಯಲ್ಲಿ ರಕ್ತ ಹರಿಯುವ ವೇಗ ನೋಡಿದಳು. ನೀರಾದ ರಕ್ತ ಬೇಗ ಓಡುತ್ತದಂತೆ, ಅದು ಓಡುತ್ತಿತ್ತು. “ಕೂಸು ಐತಿ. ಆದ್ರ ರಕ್ತ ಭಾಳ ಕಡಿಮಿ ಐತಿ. ಎರಡು ವಾರ ಕಾಯಂಗಿರಲಿಲ್ಲ” ಎಂದು ಮಾತ್ರ ಹೇಳಿ, ಬೇಗಂಪೇಟೆ ಕಡೆಯ ದೊಡ್ಡ ಆಸ್ಪತ್ರೆಗೆ ಫೋನು ಹಚ್ಚಿದಳು. ಅಲ್ಲಿ ಗರ್ಭದೊಳಗಿನ ಕೂಸಿಗೇ ರಕ್ತ ಏರಿಸುತ್ತಾರೆ. ತಾಯಿಯ ಹೊಟ್ಟೆಯ ಮೂಲಕ ಸೂಜಿ ಇಳಿಸಿ, ಹೊಕ್ಕುಳಬಳ್ಳಿಯ ರಕ್ತನಾಳ ಹುಡುಕಿ, ಅದರಲ್ಲಿ ಹನಿಹನಿಯಾಗಿ ಬಿಡಬೇಕು. ಕೂಸು ಮಿಸುಕಿದರೆ ಸೂಜಿ ತಪ್ಪುತ್ತದೆ. ತಪ್ಪಿದರೆ ಏನು ಎಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಅಲ್ಲಿ ರಶ್ಮಿಯನ್ನು ಒಳಗೆ ಕರೆದೊಯ್ದರು, ಶುಭಾಳೂ ಜೊತೆಗೆ ಬಂದಿದ್ದಳು. ಕಾರ್ಖಾನೆಯಿಂದ ಹಾಗೇ ಓಡಿಬಂದಿದ್ದ ಕಲ್ಲೇಶ ಅವಳ ಜೊತೆ ಬಾಗಿಲ ತನಕ ಹೋದ. ಒಳಗೆ ಬಿಡುವ ಮೊದಲು ರಶ್ಮಿ ತಾಯಿಯ ಕಡೆ ತಿರುಗಿ, “ಆಣೆ ನಾ ಮುರದಿಲ್ಲವ್ವಾ, ನಿನ್ನ ತಲಿಗೆ ಏನೂ ಆಗಂಗಿಲ್ಲ. ನೀ ಹೇಳದಿದ್ದರ ನಾನ ಹೇಳಾಕಿದ್ದೆ” ಎಂದಳು. ಆ ಹುಡುಗಿ ಈಗಲೂ ತಾಯಿಯ ತಲೆಯದೇ ಚಿಂತೆ ಮಾಡುತ್ತಿದ್ದಳು. ಪಾರ್ವತಿಬಾಯಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಇಬ್ಬರೇ ಕೂತರು. ಗುರುಬಾಯಿ ರಾತ್ರಿಯಿಂದ ಮಾತಾಡಿರಲಿಲ್ಲ. ಬಾಯಿ ಜೋರಿನವರು ಸುಮ್ಮನಾದರೆ ಎದುರಿನವರಿಗೆ ಉಸಿರು ಕಟ್ಟುತ್ತದೆ.

“ತಾಯಿಯಂತೆ ಮಗಳು ಅಂತೀನಂತ ಹೆದರಿದ್ರೇನು?” ಎಂದಳು ಕೊನೆಗೆ.

“ಹೌದ್ರೀ.”

“ಅಂತಿದ್ದೆ” ಎಂದಳು ಗುರುಬಾಯಿ. “ಸುಳ್ಳ್ಯಾಕ ಹೇಳ್ಲಿ, ಅಂತಿದ್ದೆ. ಓಣಿ ತುಂಬ ಸಾರತಿದ್ದೆ.” ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ಅದಕ್ಕ ನಿಮಗೊಬ್ಬರಿಗೆ ಬೈಯಾಕ ಬಾಯಿ ಬರವಲ್ಲದು” ಎಂದಳು.

ಬಾಗಿಲು ತೆರೆಯಿತು, ಯಾರೋ ನರ್ಸ್ ಹೊರಬಂದು ಇವರತ್ತ ನೋಡದೆ ಹೋದಳು. ಮತ್ತೆ ಮುಚ್ಚಿತು. ಪಾರ್ವತಿಬಾಯಿ ಎದ್ದು ನಿಂತವಳು ಕೂತಳು. ಅವಳಿಗೆ ಗೊತ್ತಿದ್ದ ಕುಬಸದ ಹಾಡುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹರಕೆ ಹೊರೋಣವೆಂದರೆ ಯಾವ ದೇವರ ಮುಂದೆ ಯಾವ ಮುಖದಿಂದ ಹೊರುವುದು? ಅವಳ ಬೆರಳುಗಳು ತೊಡೆಯ ಮೇಲೆ ರೊಟ್ಟಿ ಬಡಿಯುವ ಹಾಗೆ ಮೆಲ್ಲಗೆ ಬಡಿಯುತ್ತಿದ್ದವು. ಗುರುಬಾಯಿ ನೋಡಿದಳು, ನಿಲ್ಲಿಸು ಎನ್ನಲಿಲ್ಲ.

ಶುಭಾ ಹೊರಗೆ ಬಂದಾಗ ಅವಳ ಹಣೆಯ ಮೇಲೆ ಬೆವರಿತ್ತು. “ರಕ್ತ ಹೋತು. ಕೂಸಿನ ಎದಿ ಬಡಿತ ಚಂದ ಐತಿ. ಇನ್ನೂ ಎರಡು ಮೂರು ಸಲ ಹಿಂಗ ಮಾಡಬೇಕಾಗ್ತದ” ಎಂದಳು. ಗುರುಬಾಯಿ ಕೈಮುಗಿದಳು. ಪಾರ್ವತಿಬಾಯಿಗೆ ಕೈ ಎತ್ತಲಾಗಲಿಲ್ಲ. ಮೂವತ್ತು ವರ್ಷದಿಂದ ಒಳಗಿದ್ದದ್ದನ್ನು ಕೇಳಿದಳು.

“ಓಣಿಯವರು ಅಂದದ್ದ ಖರೆ ಆತಲ್ರೀ. ನನ್ನ ಮೈಯ ನನ್ನ ಮಕ್ಕಳನ್ನ ತಿಂತು.”

ಶುಭಾ ಅವಳ ಪಕ್ಕ ಕೂತಳು. ಲಿಂಗಸುಗೂರಿನ ಸಂಗತಿಯನ್ನೆಲ್ಲ ಕೇಳಿದಳು. ಪಾರ್ವತಿಬಾಯಿ ಒಂದನ್ನೂ ಬಿಡದೆ ಹೇಳಿದಳು. ಮೆಟ್ಟಿಲು, ಹಳದಿ ಮೈ, ಕಾದ ಬಳೆಚೂರು, ಮೊರ, ತಿಪ್ಪೆ.

“ಇಷ್ಟು ವರ್ಷದ ಮ್ಯಾಲ ಖಾತ್ರಿ ಹೇಳಾಕ ಬರಂಗಿಲ್ಲ. ಆದ್ರ ನೋಡಿದರ ಅದೇ ಕಾಣ್ತದ” ಎಂದಳು ಶುಭಾ. “ನಿಮ್ಮ ಮೈ ನಿಮ್ಮನ್ನ ಕಾಯಾಕ ಹೋಗಿತ್ತು ಬಾಯಿ. ಒಳಗಿರೋದು ಕೂಸು ಅಂತ ಅದಕ್ಕ ತಿಳೀಲಿಲ್ಲ. ಮೊದಲಿಂದು ಹೋದಾಗ ಒಂದು ಇಂಜೆಕ್ಷನ್ ಸಿಕ್ಕಿದ್ದರ ಆ ಕಾವಲು ಏಳ್ತಿದ್ದಿಲ್ಲ. ರಶ್ಮಿದು ನಿಮ್ಮಂಗ ನೆಗೆಟಿವ್ ರಕ್ತ, ಹಂಗಾಗಿ ಆಕಿ ನಿಮ್ಮ ಮೈಗೆ ಹೊರಗಿನಾಕಿ ಅನಸ್ಲಿಲ್ಲ. ಆಕಿನ್ನ ಉಳಿಸಿದ್ದು ತಿಪ್ಪಿ ಅಲ್ಲ.”

ಪಾರ್ವತಿಬಾಯಿಗೆ ಆ ಬಚ್ಚಲು ನೆನಪಾಯಿತು. ಒಂದು ಇಂಜೆಕ್ಷನ್ನು. ಮಗಳು ಆಸ್ಪತ್ರೆಗೆ ಹೋಗೋಣವೆಂದು ಅತ್ತಿದ್ದಳು. ತಾನು ಕಾಸಿದ್ದು ಕಷಾಯ.

ಅವಳ ಮುಖ ನೋಡಿ ಶುಭಾಳಿಗೆ ಎದ್ದು ಹೋಗುವ ಮನಸ್ಸಾಗಲಿಲ್ಲ. “ಇನ್ನೊಂದು ಮಾತು ಹೇಳ್ತೀನಿ. ತಾಯಿಯಿಂದ ಕೂಸಿಗೆ ಅಷ್ಟ ಹೋಗಂಗಿಲ್ಲ, ಕೂಸಿನಿಂದ ತಾಯಿಗೂ ಬರ್ತದ. ಹೊಟ್ಟ್ಯಾಗ ಬೆಳದ ಕೂಸಿನ ಕಣಗಳು ತಾಯಿ ಮೈಯಾಗ ಹತ್ತಾರು ವರ್ಷ ಉಳದದ್ದನ್ನ ಪರೀಕ್ಷಾ ಮಾಡಿ ಕಂಡಾರ. ದಿನ ತುಂಬಿ ಹುಟ್ಟಿದ್ದರದೂ, ನಡುವ ಹೋದದ್ದರದೂ.”

“ಅಂದ್ರ ನನ್ನ ಆ ಮೂರೂ…” ಪಾರ್ವತಿಬಾಯಿ ತನ್ನ ಎದೆ ಮುಟ್ಟಿಕೊಂಡಳು.

“ಇರಬಹುದು.”

ಆಗ ಅವಳು ಅತ್ತಳು. ಎರಡು ಹೆಣದ ಮುಂದೆ ಅಳಲು ಬಿಡದ ಊರಿನಿಂದ ಬಂದವಳು, ಓಡಾಡುವ ಮಂದಿಯ ನಡುವೆ, ಬೀಗತಿಯ ಹೆಗಲಿಗೆ ತಲೆ ಹಚ್ಚಿ ದನಿ ತೆಗೆದು ಅತ್ತಳು.

ಶುಕ್ರವಾರ ರಶ್ಮಿ ಇನ್ನೂ ಆಸ್ಪತ್ರೆಯ ಮಂಚದ ಮೇಲಿದ್ದಳು. ಕುಬಸ ನಿಂತಿತೆಂದೇ ಪಾರ್ವತಿಬಾಯಿ ತಿಳಿದಿದ್ದಳು. ಹೇಗೂ ಅದು ಚೊಚ್ಚಲಿನದಾಗಿರಲಿಲ್ಲ. ಆದರೆ ಸಂಜೆಯಾಗುತ್ತಲೇ ಗುರುಬಾಯಿ ಕೈಚೀಲದೊಂದಿಗೆ ಹಾಜರಾದಳು. ಒಳಗಿಂದ ಹಸಿರು ಸೀರೆ, ಕೊಬ್ಬರಿ ಬಟ್ಟಲು, ಅಕ್ಕಿ, ಎರಡು ಖಣ ಬಂದವು.

“ಎರಡ್ಯಾಕ್ರೀ?” ಎಂದಳು ಪಾರ್ವತಿಬಾಯಿ.

“ಒಂದು ಇದಕ್ಕ. ಒಂದು ಪಂಚಮಿಗೆ ಹೋದದ್ದಕ್ಕ. ಅದೂ ನನ್ನ ಮೊಮ್ಮಕ್ಕಳಾಗ ಒಂದು.”

“ಚೊಚ್ಚಲಿಗೆ ಅಷ್ಟ ಕುಬಸ…”

“ಅದು ನಿಮ್ಮ ಶಾಸ್ತ್ರ. ನನ್ನ ಮನಿ ಶಾಸ್ತ್ರ ನಾ ಮಾಡಾಕತ್ತೀನಿ.”

ದೀಪ ಹಚ್ಚಿದರೆ ಹೊರಗೆ ಹಾಕುತ್ತೇನೆಂದು ಆ ಆಸ್ಪತ್ರೆಯ ನರ್ಸ್ ತೆಲುಗಿನಲ್ಲಿ ಗದರಿ ಹೋದಳು. ಹಾಗಾಗಿ ತಟ್ಟೆಯಲ್ಲಿ ಬತ್ತಿ ಇತ್ತು, ಬೆಂಕಿ ಇರಲಿಲ್ಲ. ಗುರುಬಾಯಿ ತಟ್ಟೆಯನ್ನು ಪಾರ್ವತಿಬಾಯಿಯ ಮುಂದೆ ಹಿಡಿದಳು. ಅವಳು ಹಿಂದೆ ಸರಿದಳು. “ನಾ ಮುಟ್ಟಬಾರದ್ರೀ. ಮಕ್ಕಳನ್ನ ಕಳಕೊಂಡಾಕಿ ನಾನು.” ಗುರುಬಾಯಿ ಅವಳ ಮಣಿಕಟ್ಟು ಹಿಡಿದು ತಟ್ಟೆಗೆ ಹಚ್ಚಿದಳು. ಹಚ್ಚದ ಬತ್ತಿಯ ಆರತಿಯನ್ನು ಇಬ್ಬರೂ ಕೂಡಿ ಎತ್ತಿದರು. ಪಾರ್ವತಿಬಾಯಿ ಎತ್ತಿಕೊಂಡ ಹಾಡು ಎರಡನೆಯ ಸಾಲಿಗೆ ಮುರಿಯಿತು. ಉಳಿದದ್ದನ್ನು ಗುರುಬಾಯಿ ರಾಗ ತಪ್ಪಿ ಹಾಡಿ ಮುಗಿಸಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದ ರಶ್ಮಿ, “ಒದೀತವ್ವ” ಎಂದು ಕೂಗಿದಳು.

ಮತ್ತೆರಡು ಸಲ ಸೂಜಿ ಇಳಿಯಿತು. ಪ್ರತಿ ಸಲವೂ ಆ ಬೆಂಚು, ಆ ಬಾಗಿಲು, ಅದೇ ಭಯ. ಒಂಬತ್ತು ತುಂಬುವ ಮೊದಲೇ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಸ್ವಲ್ಪ ಹಳದಿಯಾಗಿತ್ತು. ಪಾರ್ವತಿಬಾಯಿ ಆ ಬಣ್ಣ ನೋಡಿದವಳೇ ಗೋಡೆ ಹಿಡಿದಳು. ನೀಲಿ ಬೆಳಕಿನ ಕೆಳಗೆ ಕಣ್ಣಿಗೆ ಬಟ್ಟೆ ಕಟ್ಟಿ ಕೂಸನ್ನು ಮಲಗಿಸಿದ್ದರು. ದಿನದಿಂದ ದಿನಕ್ಕೆ ಹಳದಿ ಇಳಿಯಿತು. ಮನೆಗೆ ಬಂದ ಮೇಲೆ ಒಂದು ಸಂಜೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಅಳುತ್ತಿದ್ದ ಕೂಸು ಅಳು ನಿಲ್ಲಿಸಿ ಕಿವಿಗೊಟ್ಟಿತು. ಯಾರೂ ಅದಕ್ಕೆ ತಿಪ್ಪವ್ವ ಎಂದು ಹೆಸರಿಡಲಿಲ್ಲ.

ಪಾರ್ವತಿಬಾಯಿಗೆ ಫೋನುಗಳು ಬರುವುದು ನಿಂತಿತು. ಸುದ್ದಿ ಹಬ್ಬಿತ್ತು, ಹಬ್ಬದೆ ಇರುತ್ತದೆಯೇ. ಬಹಳ ದಿನದ ಮೇಲೆ ಬೇಗಂಪೇಟೆಯ ಮನೆಯೊಂದರಿಂದ ಕರೆ ಬಂತು. ಕಲಬುರಗಿಯಿಂದ ಹೊಸದಾಗಿ ಬಂದವರು, ಅವರಿಗೆ ಇನ್ನೂ ಗೊತ್ತಿರಲಿಲ್ಲ. ಹುಡುಗಿಗೆ ಐದು ತಿಂಗಳು. ಹಸಿರು ಸೀರೆಯುಟ್ಟು ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು, ಪಕ್ಕದಲ್ಲಿ ಅವಳ ತಾಯಿ. ಬೀಗತಿಯರು, ನೆರೆಯವರು ಚಾಪೆ ತುಂಬ ಇದ್ದರು. ಮನೆಯೊಡತಿ ದೀಪ ಹಚ್ಚಿದ ತಟ್ಟೆಯನ್ನು ಪಾರ್ವತಿಬಾಯಿಗೆ ಕೊಡುತ್ತ ಕೇಳಿದಳು, “ನಿಮಗೆಷ್ಟು ಮಕ್ಕಳ್ರೀ?”

ನಾಲಿಗೆ ಹಳೆಯ ಅಭ್ಯಾಸಕ್ಕೆ ಹೊರಳಿತು. ಪಾರ್ವತಿಬಾಯಿ ಅದನ್ನು ತಡೆದಳು.

“ನಾಕು” ಎಂದಳು. “ಒಬ್ಬಾಕಿ ಉಳದಾಳ. ಒಂದು ನಾಕು ತಿಂಗಳಿಗೆ ಹೋತು, ಎರಡು ಹಳದಿ ಆಗಿ ಹೋದವು. ನಾಕೂ ಲೆಕ್ಕಕ್ಕ ಅದಾವ. ಇನ್ನ ಆರತಿ ನನ್ನ ಕೈಲೆ ಮಾಡಸ್ತೀರೋ ಬಿಡ್ತೀರೋ, ನೀವ ನೋಡ್ರಿ.”

ಮನೆಯೊಡತಿಯ ಕೈ ಅರ್ಧಕ್ಕೆ ಉಳಿಯಿತು. ಪಾರ್ವತಿಬಾಯಿ ತಟ್ಟೆ ಮುಟ್ಟದೆ ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹುಡುಗಿಯ ಗದ್ದ ಹಿಡಿದು ಮೆಲ್ಲಗೆ ಮುಖ ಎತ್ತಿದಳು.

“ನಿನ್ನ ರಕ್ತ ಯಾವುದವ್ವ? ಇದಕ್ಕಿಂತ ಮೊದಲ ಏನಾರ ಹೋಗೇತೇನು? ಹೋಗಿದ್ದರ ಹೇಳು. ನಾಚಿಕೋಬ್ಯಾಡ.”

ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ನೆಲ ನೋಡುತ್ತಿದ್ದಳು, ಅವಳ ಕೈ ಮಗಳ ತೊಡೆಯ ಮೇಲಿತ್ತು. ಪಾರ್ವತಿಬಾಯಿ ಆ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಒಂದು ಹೋಗೇತ್ರೀ” ಎಂದಳು ಹುಡುಗಿ.